ಡಿಜಿಟಲ್ ಜೊತೆ-ಓದು

ಪರದೆಯಲ್ಲಿ ಕಥೆಯನ್ನು ಒಂದು ಧ್ವನಿ ಓದಿ ಹೇಳುತ್ತಿರುವಾಗ ಮಗು ಅದೇ ಸಾಲಿನ ಮೇಲೆ ಕಣ್ಣಾಡಿಸುತ್ತ ತಾನೂ ಓದುವ ಕ್ರಮ. ಅಕ್ಷರ ಕೂಡಿಸಿ ಓದುವ ಮಗುವನ್ನು ಸರಾಗ ಓದಿಗೆ ದಾಟಿಸುವುದು ಇದರ ಗುರಿ. ಉಪಾಯ ಹಳೆಯದೇ. ಓದು ಕುಂಟುತ್ತಿದ್ದ ಮೂರನೆಯ ತರಗತಿಯ ಮಕ್ಕಳಿಗೆ ಟೇಪ್ ಕೇಳಿಸಿ, ಅದೇ ಪುಸ್ತಕವನ್ನು ಮತ್ತೆ ಮತ್ತೆ ಓದಿಸಿದ ಅನುಭವವನ್ನು ಅಮೆರಿಕದ ಕರೋಲ್ ಚಾಮ್ಸ್ಕಿ 1976ರಲ್ಲೇ ಬರೆದಿದ್ದರು.

ಕನ್ನಡದ ಮಗುವಿನ ತೊಡಕು ಬೇರೆ. ವರ್ಣಮಾಲೆ ಮುಗಿದರೂ ಕಾಗುಣಿತ, ಒತ್ತಕ್ಷರ ಸೇರಿ ಗುರುತಿಸಬೇಕಾದ ರೂಪಗಳು ನೂರಾರು. ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆಂದು ಸೋನಾಲಿ ನಾಗ್ 2007ರ ಅಧ್ಯಯನದಲ್ಲಿ ತೋರಿಸಿದರು. ಅರ್ಕಾವೊತ್ತಿನದಂತೂ ತಮಾಷೆ: ಕಿವಿಗೆ ಮೊದಲು ಬೀಳುವ ‘ರ್’ ಕಣ್ಣಿಗೆ ಆಮೇಲೆ ಕಾಣುತ್ತದೆ. ಧ್ವನಿ ಬಂದಂತೆ ಪದ ಬಣ್ಣ ತಾಳಿದರೆ ಈ ಗೊಂದಲ ಬಿಡಿಸಿಕೊಳ್ಳುವುದು ಹಗುರ.

ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಇಂಥ ಓದಿಗೆ ಬೇಕಾದ ಕನ್ನಡ ಕಥೆಗಳು ಉಚಿತ. ಪಠ್ಯಪುಸ್ತಕದ ಕ್ಯೂಆರ್ ಕೋಡ್ 2017ರಲ್ಲಿ ಬಂದ ದೀಕ್ಷಾ ವೇದಿಕೆಗೆ ಒಯ್ಯುತ್ತದೆ. ಕರ್ನಾಟಕದ 2020ರ ‘ಓದುವ ಬೆಳಕು’ ಅಭಿಯಾನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆಯಿತು.

ಮನೆಮಾತಿಗೂ ಪುಸ್ತಕದ ಮಾತಿಗೂ ಇರುವ ಅಂತರ ಇನ್ನೊಂದು ತೊಡಕು. ಗದಗ ಜಿಲ್ಲೆಯ ಇಟಗಿಯಲ್ಲಾಗಲಿ, ರೋಣ, ನರಗುಂದದ ಕಡೆಯಲ್ಲಾಗಲಿ ಮನೆಯಲ್ಲಿ ಕೇಳುವುದು ‘ಐತಿ’, ‘ಬಂದಾನ’. ಪುಸ್ತಕದಲ್ಲಿರುವುದು ‘ಇದೆ’, ‘ಬಂದಿದ್ದಾನೆ’. ಗಜೇಂದ್ರಗಡದ ಸುತ್ತಲಿನ ತಾಂಡಾಗಳಲ್ಲಿ ಮನೆಮಾತೇ ಲಂಬಾಣಿ. ಓದಿ ಹೇಳುವ ಧ್ವನಿ ಇಂಥ ಮಕ್ಕಳಿಗೆ ಪುಸ್ತಕದ ಕನ್ನಡವನ್ನು ಕಿವಿಗೆ ರೂಢಿಸಿಕೊಡುತ್ತದೆ. ಸ್ಟೋರಿವೀವರ್ ಕಥೆಗಳ ಪರವಾನಗಿ ಮುಕ್ತವಾದ್ದರಿಂದ ಊರಿನ ಶಾಲೆಯ ಅಕ್ಕೋರೇ ತಮ್ಮ ಮೊಬೈಲಿನಲ್ಲಿ ಓದಿ ಧ್ವನಿಮುದ್ರಿಸಿಕೊಡಬಹುದು. ಪರಿಚಿತ ಕಂಠಕ್ಕೆ ಮಗು ಬೇಗ ಒಲಿಯುತ್ತದೆ.

ಓದಿನ ವೇಗದ ಲೆಕ್ಕ ಮಾತ್ರ ಎಚ್ಚರದಿಂದ ನೋಡಬೇಕಾದದ್ದು. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿಗೆ ನಿಮಿಷಕ್ಕೆ 60 ಪದಗಳ ಗುರಿ ಇಟ್ಟಿತು. ಆದರೆ ಪ್ರತ್ಯಯಗಳನ್ನು ಪೋಣಿಸಿಕೊಳ್ಳುವ ಕನ್ನಡದಲ್ಲಿ ‘ಬರಬೇಕಾಗಿತ್ತಂತೆ’ ಎಂಬುದೂ ಒಂದೇ ಪದ, ‘ಬಾ’ ಎಂಬುದೂ ಒಂದೇ ಪದ. ಎನ್‌ಸಿಇಆರ್‌ಟಿ 2022ರ ಬುನಾದಿ ಕಲಿಕೆಯ ಅಧ್ಯಯನದಲ್ಲಿ ಭಾಷೆಗೊಂದು ಮಾನದಂಡ ಗೊತ್ತುಮಾಡಿದ್ದು ಸರಿಯಾದ ನಡೆ.

ಬಳಸುವ ಬಗೆ ಸರಳ: ಮೊದಲ ಸಲ ಬರೀ ಕೇಳುವುದು, ಎರಡನೆಯ ಸಲ ಸಾಲಿನ ಮೇಲೆ ಬೆರಳಾಡಿಸುವುದು, ಮೂರನೆಯ ಸಲ ಧ್ವನಿಯೊಡನೆ ಗಟ್ಟಿಯಾಗಿ ಓದುವುದು. ಕೊನೆಯ ಸಲ ಧ್ವನಿ ಬಂದ್ ಮಾಡಲೇಬೇಕು. ಇಲ್ಲದಿದ್ದರೆ ಕಿವಿ ಕಥೆ ಕೇಳುತ್ತಿರುತ್ತದೆ, ಕಣ್ಣು ಚಿತ್ರದಲ್ಲಿನ ಆನೆಯ ಮೇಲೇ ನಿಂತಿರುತ್ತದೆ.