ಗರ್ಭಕೋಶದ ವಿರಳ ಗಡ್ಡೆಗಳು: ರೋಗನಿದಾನ ನಡೆದುಬಂದ ದಾರಿ

ಮಹಾರಾಷ್ಟ್ರದ ಗಡಿಭಾಗದಲ್ಲಿರುವ ಅಕ್ಕಲಕೋಟೆ ತಾಲೂಕಿನ ಕನ್ನಡ ಹಳ್ಳಿಗಳಿಂದ, ಮುಟ್ಟಿನ ಅತಿಸ್ರಾವದಿಂದಲೋ ಕಿಬ್ಬೊಟ್ಟೆಯ ಭಾರದಿಂದಲೋ ಬಳಲಿ, ಸುಮಾರು 40 ಕಿಲೋಮೀಟರು ದೂರದ ಸೊಲ್ಲಾಪುರಕ್ಕೆ ಬರುವ ಸ್ತ್ರೀಯರು ಸೋನೋಗ್ರಫಿ ಮುಗಿಸಿ ಹೊರಬಂದಾಗ ಮನೆಯವರಿಗೆ ಹೇಳುವ ಮಾತು ಒಂದೇ: "ಗರ್ಭಚೀಲದಾಗ ಗಡ್ಡಿ ಐತಂತ." ಬಹುಮಟ್ಟಿಗೆ ಅಷ್ಟು ಹೇಳಿದರೆ ಸಾಕು, ಏಕೆಂದರೆ ಗರ್ಭಕೋಶದ ನಿರಪಾಯ ಗಡ್ಡೆಗಳಲ್ಲಿ ಅತ್ಯಧಿಕ ಪಾಲು ಫೈಬ್ರಾಯ್ಡ್ ಎಂಬ ಮೃದುಸ್ನಾಯುವಿನ ಗಂಟುಗಳೇ. ಆದರೆ ಆ ಬಹುಸಂಖ್ಯೆಯ ಮರೆಯಲ್ಲಿ, ನೋಟಕ್ಕೆ ಅವುಗಳಂತೆಯೇ ಇದ್ದು ಸ್ವಭಾವದಲ್ಲಿ ಬೇರೆಯಾದ ಕೆಲವು ವಿರಳ ಗಡ್ಡೆಗಳು ಅಡಗಿರುವುದುಂಟು.

ಇವುಗಳ ಅರಿವು ಮೊದಲು ಮೂಡಿದ್ದು ಶವಪರೀಕ್ಷೆಯ ಮೇಜಿನ ಮೇಲೆ. 1793ರಲ್ಲಿ ಲಂಡನ್ನಿನ ಮ್ಯಾಥ್ಯೂ ಬೈಲಿ ತನ್ನ ವಿಕೃತಾಂಗಶಾಸ್ತ್ರದ ಗ್ರಂಥದಲ್ಲಿ ಗರ್ಭಕೋಶದ ಗಟ್ಟಿ ಗಂಟುಗಳನ್ನು ವರ್ಣಿಸಿದನು. 1816ರಲ್ಲಿ ಲೋಬ್‌ಸ್ಟೈನ್ ಮೇದಸ್ಸಿನಿಂದ ಕೂಡಿದ ಗಡ್ಡೆಯೊಂದನ್ನು ಗುರುತಿಸಿದನು. 1854ರಲ್ಲಿ ವಿರ್ಖೋ ಫೈಬ್ರಾಯ್ಡಿನ ಮೂಲ ಮೃದುಸ್ನಾಯುವೆಂದು ಸೂಕ್ಷ್ಮದರ್ಶಕದ ಸಾಕ್ಷ್ಯದಿಂದ ತೋರಿಸಿದನು. ಅಲ್ಲಿಂದ ಮುಂದಿನ ವರದಿಗಳು ವೈದ್ಯಲೋಕವನ್ನು ಬೆರಗುಗೊಳಿಸುವಂಥವು. 1896ರಲ್ಲಿ ಬಿರ್ಖ್-ಹಿರ್ಷ್‌ಫೆಲ್ಡ್, ಕ್ಯಾನ್ಸರಿನ ಲಕ್ಷಣವೊಂದೂ ಇಲ್ಲದ ಸ್ನಾಯುಗಡ್ಡೆಯು ಗರ್ಭಕೋಶದ ಸಿರೆಗಳೊಳಗೆ ಬೆಳೆದುದನ್ನು ಕಂಡನು. 1907ರಲ್ಲಿ ಡ್ಯುರ್ಕ್ ಅಂಥದೇ ಗಡ್ಡೆ ಮಹಾಸಿರೆಯ ಮೂಲಕ ಹೃದಯವನ್ನೇ ಮುಟ್ಟಿದ್ದನ್ನು ವರದಿಮಾಡಿದನು. 1939ರಲ್ಲಿ ಸ್ಟೈನರ್ ವರ್ಣಿಸಿದ ಸ್ಥಿತಿಯಲ್ಲಿ ನಿರಪಾಯವಾದ ಸ್ನಾಯುಗಂಟುಗಳು ಪುಪ್ಪುಸಗಳಲ್ಲಿಯೇ ನೆಲೆಗೊಂಡಿದ್ದವು. 1945ರಲ್ಲಿ ಗೋಲ್ಡನ್ ಮತ್ತು ಆ್ಯಶ್ ಎಂಬವರು ಇನ್ನೊಂದು ವಿರಳ ನಿರಪಾಯ ಗಡ್ಡೆಗೆ ಅಡಿನೊಮಟಾಯ್ಡ್ ಎಂದು ಹೆಸರಿಟ್ಟರು. ನಿರಪಾಯವೆಂದರೆ ಇದ್ದಲ್ಲೇ ಇರುವುದು ಎಂಬ ನಂಬಿಕೆ ಈ ಅರ್ಧ ಶತಮಾನದಲ್ಲಿ ಸಡಿಲಗೊಂಡಿತೆಂಬುದೇ ನನಗೆ ಈ ಚರಿತ್ರೆಯ ಮುಖ್ಯ ಘಟನೆಯಾಗಿ ತೋರುತ್ತದೆ.

ಶಸ್ತ್ರಕ್ರಿಯೆಯಲ್ಲಿ ತೆಗೆದ ಗರ್ಭಕೋಶವನ್ನು ಫಾರ್ಮಲಿನ್ ಡಬ್ಬಿಯಿಂದ ಹೊರತೆಗೆದು ಪೆಥಾಲಜಿಸ್ಟರು ಸೀಳಿದಾಗ ಕಾಣುವುದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಸಾಮಾನ್ಯ ಫೈಬ್ರಾಯ್ಡ್ ಬೆಳ್ಳಗೆ, ಗಟ್ಟಿಯಾಗಿ, ಸೊಲ್ಲಾಪುರದ ಮಗ್ಗದವರು ಸುತ್ತಿಟ್ಟ ನೂಲಿನ ಲಡಿಯಂತೆ ಸುರುಳಿ ಸುರುಳಿಯಾಗಿದ್ದು, ಕತ್ತರಿಸಿದೊಡನೆ ಉಬ್ಬಿ ನಿಲ್ಲುತ್ತದೆ. ಸುತ್ತಲಿನ ಸ್ನಾಯುವಿನಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಮೇದೋಯುಕ್ತ ಗಡ್ಡೆ ಹಳದಿಯಾಗಿ, ಮೆತ್ತಗೆ ಇರುತ್ತದೆ. ಅಡಿನೊಮಟಾಯ್ಡ್ ಗಡ್ಡೆಗೆ ಸ್ಪಷ್ಟವಾದ ಅಂಚಿಲ್ಲ, ಬಿಡಿಸಹೋದರೆ ಬಿಡದು. ಸಿರೆಯೊಳಗಿನ ಗಡ್ಡೆಯಾದರೋ, ಗರ್ಭಕೋಶದ ಪಕ್ಕದ ರಕ್ತನಾಳಗಳಿಂದ ಬೆಳ್ಳನೆಯ ಎಳೆಗಳಾಗಿ ಹೊರಚಾಚಿರುತ್ತದೆ. 1996ರಲ್ಲಿ ರಾತ್, ರೀಡ್ ಮತ್ತು ಸ್ಟರ್ನ್‌ಬರ್ಗ್ ವಿವರಿಸಿದ ಬಗೆಯೊಂದು ಗರ್ಭಕೋಶದಾಚೆಗೆ ಕೆಂಗಪ್ಪಾದ ಮಾಸಿನ ರೂಪದಲ್ಲಿ ಹಬ್ಬಿ, ನೋಡಿದವರಿಗೆ ಕ್ಯಾನ್ಸರೆಂದೇ ಭ್ರಮೆ ಹುಟ್ಟಿಸುತ್ತದೆ. ವಾಸ್ತವವಾಗಿ ಅದು ನಿರಪಾಯವಾದುದು.

ಹೊಟ್ಟೆಯನ್ನು ತೆರೆಯದೆ ಒಳಗನ್ನು ನೋಡುವ ವಿದ್ಯೆ ತಡವಾಗಿ ಬಂದಿತು. ಗ್ಲಾಸ್ಗೋವಿನ ಇಯನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಶ್ರವಣಾತೀತ ತರಂಗಗಳ ಪರೀಕ್ಷೆಯೇ ಇಂದಿನ ಸೋನೋಗ್ರಫಿಯ ಮೂಲ. 1970ರ ದಶಕದಲ್ಲಿ ಸಿ.ಟಿ., ತರುವಾಯ ಎಂ.ಆರ್.ಐ. ಸೇರಿದವು. ಮೇದೋಯುಕ್ತ ಗಡ್ಡೆಯ ವಿಷಯದಲ್ಲಿ ಎಂ.ಆರ್.ಐ. ಬಹುಮಟ್ಟಿಗೆ ನಿಶ್ಚಯವಾಗಿ ಹೇಳಬಲ್ಲದು, ಮೇದಸ್ಸಿನ ಸಂಜ್ಞೆಯನ್ನು ಅಡಗಿಸಿ ನೋಡುವ ಉಪಾಯ ಅದರಲ್ಲಿರುವುದರಿಂದ. ಉಳಿದವುಗಳಲ್ಲಿ ಚಿತ್ರ ಸಂಶಯವನ್ನು ಮೂಡಿಸುತ್ತದೆಯೇ ಹೊರತು ಸಾಮಾನ್ಯವಾಗಿ ತೀರ್ಪನ್ನು ಕೊಡಲಾರದು. ತೀರ್ಪಿಗೆ ಆಧಾರವಾದ ನಿಯಮಗಳನ್ನು 1994ರಲ್ಲಿ ಬೆಲ್, ಕೆಂಪ್ಸನ್ ಮತ್ತು ಹೆಂಡ್ರಿಕ್ಸನ್ ಕ್ರಮಪಡಿಸಿದರು: ಕೋಶವಿಭಜನೆಯ ಎಣಿಕೆ, ಕೋಶಗಳ ವಿರೂಪ, ಗಡ್ಡೆಯೊಳಗಿನ ಕೋಶಮರಣದ ಬಗೆ, ಈ ಮೂರನ್ನೂ ಒಟ್ಟಿಗೆ ತೂಗಿ ನೋಡಬೇಕೆಂದು. 2011ರಲ್ಲಿ ಬಹುಪಾಲು ಫೈಬ್ರಾಯ್ಡುಗಳಲ್ಲಿ ಮೆಡ್12 ಎಂಬ ಜೀನಿನ ವ್ಯತ್ಯಾಸ ಕಂಡುಬಂದಿತು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಚೂರುಮಾಡಿ ತೆಗೆಯುವುದರ ವಿರುದ್ಧ ಎಚ್ಚರಿಸಿತು. ಅಡಗಿದ್ದ ಕ್ಯಾನ್ಸರು ಚೆದುರುವ ಅಪಾಯ ಒಂದಾದರೆ, ನಿರಪಾಯ ಗಡ್ಡೆಯ ಉಳಿದ ಚೂರುಗಳೂ ಹೊಟ್ಟೆಯಲ್ಲಿ ಬೇರೂರಿ ಬೆಳೆಯಬಲ್ಲವು.

1963ರಲ್ಲಿ ಸೊಲ್ಲಾಪುರದಲ್ಲಿ ಸ್ಥಾಪಿತವಾದ, ಇಂದು ಡಾ. ವೈಶಂಪಾಯನ ಸ್ಮಾರಕವೆನಿಸಿದ ವೈದ್ಯಕೀಯ ಮಹಾವಿದ್ಯಾಲಯದಂಥ ಸಂಸ್ಥೆಗಳಿಂದ ಈ ವಿದ್ಯೆ ಗಡಿನಾಡಿನ ಸಮೀಪಕ್ಕೇ ಬಂದಿದೆ. ಆದರೆ ತೆಗೆದ ಗರ್ಭಚೀಲ ಪರೀಕ್ಷೆಯ ಮೇಜನ್ನು ತಲುಪದಿದ್ದರೆ ಮೇಲೆ ಹೇಳಿದ ಇನ್ನೂರು ವರ್ಷಗಳ ಜ್ಞಾನವೆಲ್ಲ ಆ ಒಬ್ಬ ಸ್ತ್ರೀಯ ಪಾಲಿಗೆ ಇಲ್ಲದಂತೆಯೇ ಸರಿ. ಗರ್ಭಚೀಲ ತೆಗೆಯುವುದೇ ಸರಾಗವಾದಲ್ಲಿ ಈ ಪರೀಕ್ಷೆಯ ಗತಿಯೇನೆಂಬುದೂ ಪ್ರಶ್ನೆಯೇ. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಕಿರಿಯ ವಯಸ್ಸಿನಲ್ಲಿಯೇ ಗರ್ಭಚೀಲ ತೆಗೆಯಿಸಿಕೊಂಡ ಸಂಗತಿ ಬಯಲಾಗಿ, 2019ರಲ್ಲಿ ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಕಬ್ಬಿನ ಸೀಮೆಯೇ ಆದ ಸೊಲ್ಲಾಪುರ ಜಿಲ್ಲೆಯವರು ಇದನ್ನು ದೂರದ ಸುದ್ದಿಯೆಂದು ಬಿಡುವಂತಿಲ್ಲ.

ತೆಗೆದ ಗರ್ಭಚೀಲವನ್ನು ಪರೀಕ್ಷಿಸಿಡುವುದರ ಮಹತ್ವ ಸ್ಪಷ್ಟವಾಗುವುದು ವರ್ಷಗಳು ಕಳೆದ ಮೇಲೆ. ಗರ್ಭಚೀಲ ತೆಗೆಯಿಸಿಕೊಂಡ ಎಷ್ಟೋ ಕಾಲಾನಂತರ ಒಬ್ಬಾಕೆಯ ಎಕ್ಸ್‌ರೇಯಲ್ಲಿ ಪುಪ್ಪುಸದ ತುಂಬ ದುಂಡನೆಯ ನೆರಳುಗಳು ಕಾಣಿಸಿಕೊಂಡರೆ ನಮ್ಮ ನಾಡಿನಲ್ಲಿ ಮೊದಲು ಕ್ಷಯದ, ಆಮೇಲೆ ಕ್ಯಾನ್ಸರಿನ ಶಂಕೆ ಬರುವುದು ಸಹಜ. ಸ್ಟೈನರ್ ಕಂಡ ನಿರಪಾಯ ಗಂಟುಗಳೂ ಹೀಗೆಯೇ ಕಾಣುತ್ತವೆ. ಆಗ ಹಳೆಯ ರಿಪೋರ್ಟಿನ ಕಾಗದ ಮನೆಯ ಪೆಟ್ಟಿಗೆಯಲ್ಲಿದ್ದು, ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಆಸ್ಪತ್ರೆಯಲ್ಲಿ ಉಳಿದಿದ್ದರೆ, ಅದರಿಂದ ಹೊಸದಾಗಿ ತೆಳು ಪದರ ಕತ್ತರಿಸಿ, ಪುಪ್ಪುಸದಿಂದ ಸೂಜಿಯಲ್ಲಿ ತೆಗೆದ ತುಣುಕಿನೊಡನೆ ಹೋಲಿಸಿ, ಎರಡರಲ್ಲೂ ಈಸ್ಟ್ರೋಜನ್ ಎಂಬ ಸ್ತ್ರೀಹಾರ್ಮೋನಿನ ಗ್ರಾಹಕಗಳಿವೆಯೇ ಎಂದು ಬಣ್ಣಹಾಕಿ ನೋಡಬಹುದು. ಎರಡೂ ಹೊಂದಿದಲ್ಲಿ ಕ್ಯಾನ್ಸರಿನ ಔಷಧಗಳ ಬದಲು ಆ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆಯನ್ನೋ, ಕೆಲವೊಮ್ಮೆ ಬರಿಯ ನಿಗಾವಣೆಯನ್ನೋ ವೈದ್ಯರು ಆರಿಸಿಕೊಳ್ಳುತ್ತಾರೆ.