ಚೌಕದೊಳಗಿನ ಗುಣಗಳು: ರೇಖಾಚಿತ್ರ ಸಂಪಾದಕಗಳ ಚರಿತ್ರೆಯಲ್ಲಿ ಒಂದು ವಿಚಾರ

ವಸ್ತುಗಳನ್ನು ಚೌಕಗಳಿಂದ ಸೂಚಿಸಿ, ಅವುಗಳ ಸಂಬಂಧವನ್ನು ಗೆರೆಗಳಿಂದ ತೋರಿಸುವ ಪದ್ಧತಿ ಹೊಸದಲ್ಲ. ಇತಿಹಾಸದ ಪಠ್ಯಗ್ರಂಥಗಳಲ್ಲಿ ಕಾಣುವ ರಾಜವಂಶಾವಳಿಗಳಲ್ಲಿ ಅರಸನ ಹೆಸರಿನ ಕೆಳಗೆ ಅವನ ಆಳಿಕೆಯ ವರ್ಷಗಳನ್ನು ನಮೂದಿಸಿರುತ್ತಾರೆ. ಹೆಸರು ವಸ್ತುವನ್ನು ಗುರುತಿಸುತ್ತದೆ. ವರ್ಷಗಳು ಅದರ ಗುಣಗಳು. ಅಚ್ಚಾದ ಪುಟದಲ್ಲಿ ಈ ವರ್ಷಗಳನ್ನು ತಿದ್ದಬೇಕಾದರೆ ಮುಂದಿನ ಮುದ್ರಣಕ್ಕಾಗಿ ಕಾಯಬೇಕು. ಗಣಕಯಂತ್ರದ ತೆರೆಯ ಮೇಲೆ ಚೌಕದೊಳಗಿನ ಬರಹವನ್ನು ಅಲ್ಲಿಯೇ ತಿದ್ದುವುದು ಸಾಧ್ಯವಾದಾಗ, ಅಚ್ಚಿನ ಕಾಲದಲ್ಲಿ ಯಾರೂ ಕೇಳಬೇಕಾಗಿರದಿದ್ದ ಪ್ರಶ್ನೆಯೊಂದು ಎದ್ದಿತು: ನಾವು ತಿದ್ದಿದುದು ಚಿತ್ರವನ್ನೋ, ಅಥವಾ ಚಿತ್ರವು ಯಾವುದನ್ನು ಸೂಚಿಸುತ್ತದೆಯೋ ಆ ವಸ್ತುವನ್ನೋ? ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗಣಕ ಶಾಸ್ತ್ರದಲ್ಲಿ ಚೌಕಗಳ ಬಳಕೆಗೆ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಅವರು 1947ರಿಂದ ಪ್ರಿನ್ಸ್‌ಟನ್ನಿನಲ್ಲಿ ಹೊರತಂದ ವರದಿಗಳು ಭದ್ರವಾದ ಬುನಾದಿಯನ್ನು ಹಾಕಿದುವು. ಅಲ್ಲಿ ಕ್ರಿಯೆಗೊಂದು ಚೌಕ, ವಿಕಲ್ಪಕ್ಕೊಂದು ಚೌಕ ಎಂಬ ಭೇದವಿದ್ದಿತು. ಆದರೆ ಅವು ಕಾಗದದ ಮೇಲಿನ ಚೌಕಗಳು. ಯಂತ್ರಕ್ಕೆ ಅವುಗಳ ಪರಿಚಯವೇ ಇರಲಿಲ್ಲ.

ಯಂತ್ರವು ಚಿತ್ರವನ್ನು ಚಿತ್ರವೆಂದು ಅರಿಯತೊಡಗಿದುದು ಐವನ್ ಸದರ್ಲೆಂಡ್ ಅವರ ‘ಸ್ಕೆಚ್‌ಪ್ಯಾಡ್’ನಿಂದ ಎನ್ನಬಹುದು. ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ 1963ರಲ್ಲಿ ಸಲ್ಲಿಸಿದ ಪ್ರಬಂಧದ ವಿಷಯವಾದ ಈ ವ್ಯವಸ್ಥೆ, ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಯಂತ್ರದ ಮೇಲೆ ನಡೆಯುತ್ತಿತ್ತು. ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ಗೆರೆ ಎಳೆಯಬಹುದೆಂಬುದೇ ನೋಡಿದವರನ್ನು ಬೆರಗುಗೊಳಿಸಿತು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಬೇರೆ. ಮೂಲಚಿತ್ರವೊಂದನ್ನು ತಿದ್ದಿದರೆ ಅದರಿಂದ ಹುಟ್ಟಿದ ಪ್ರತಿಗಳೆಲ್ಲವೂ ತಾವಾಗಿ ಬದಲಾಗುತ್ತಿದ್ದುವು. ಸೇತುವೆಯ ಚಿತ್ರದಲ್ಲಿ ಒಂದೊಂದು ತೊಲೆಯ ಮೇಲೆ ಬೀಳುವ ಬಲವನ್ನು ಅಂಕಿಗಳಾಗಿ ಆ ತೊಲೆಯ ಬಳಿಯಲ್ಲಿಯೇ ತೋರಿಸಲಾಗುತ್ತಿತ್ತು. ಭಾರವನ್ನು ಬದಲಾಯಿಸಿದರೆ ಅಂಕಿಗಳೂ ಬದಲಾಗುತ್ತಿದ್ದುವು. ಆ ಅಂಕಿಗಳು ಅಲಂಕಾರಕ್ಕೆ ಬರೆದವಲ್ಲ, ಯಂತ್ರದ ಸ್ಮೃತಿಯಲ್ಲಿರುವ ಮೌಲ್ಯದ ನೇರ ಪ್ರತಿಬಿಂಬಗಳು. ಚಿತ್ರದೊಳಗೆ ವಸ್ತುವಿನ ಗುಣವನ್ನು ಜೀವಂತವಾಗಿ ತೋರಿಸಿದ ಆರಂಭದ ನಿದರ್ಶನಗಳಲ್ಲಿ ಇದಕ್ಕೆ ನಾವು ಅಗ್ರಸ್ಥಾನವನ್ನು ಕೊಡುತ್ತೇವೆ. ಕ್ಯಾಲಿಫೋರ್ನಿಯದ ರ‍್ಯಾಂಡ್ ಸಂಸ್ಥೆಯಲ್ಲಿ ಅದೇ ದಶಕದಲ್ಲಿ ರೂಪುಗೊಂಡ ‘ಗ್ರೇಲ್’ ಮತ್ತೊಂದು ಹೆಜ್ಜೆಯನ್ನಿಟ್ಟಿತು. ಅಲ್ಲಿ ಬಳಕೆದಾರನು ಫಲಕದ ಮೇಲೆ ಚೌಕವನ್ನು ಬರೆದು, ಅದರೊಳಗೆ ಕೈಬರಹದಲ್ಲಿ ಅಕ್ಷರಗಳನ್ನು ಮೂಡಿಸಿದರೆ, ಯಂತ್ರವು ಅವನ್ನು ಗುರುತಿಸಿ ಅಚ್ಚಿನ ಅಕ್ಷರಗಳನ್ನು ಅದೇ ಸ್ಥಳದಲ್ಲಿ ಇಡುತ್ತಿತ್ತು.

ಇಷ್ಟಾದರೂ ಚೌಕದೊಳಗೆ ಏನೇನಿರಬೇಕೆಂಬುದು ಇತ್ಯರ್ಥವಾಗಲಿಲ್ಲ. ದತ್ತಸಂಚಯಗಳ ಕ್ಷೇತ್ರದಲ್ಲಿ ಚಾರ್ಲ್ಸ್ ಬ್ಯಾಕ್‌ಮನ್ ಅವರು 1969ರಲ್ಲಿ ಪ್ರಕಟಿಸಿದ ರಚನಾಚಿತ್ರಗಳಲ್ಲಿ ಚೌಕಗಳೂ ಬಾಣಗಳೂ ಇದ್ದುವು. ಗುಣಗಳ ಪಟ್ಟಿಗೆ ಅಲ್ಲಿ ಸ್ಥಾನವಿರಲಿಲ್ಲ. ಪೀಟರ್ ಚೆನ್ ಅವರು 1976ರಲ್ಲಿ ಮಂಡಿಸಿದ ವಸ್ತು-ಸಂಬಂಧ ಮಾದರಿಯನ್ನು ಅನುಸರಿಸಿದ ಪಠ್ಯಗ್ರಂಥಗಳು ಗುಣಗಳನ್ನು ಅಂಡಾಕೃತಿಗಳಲ್ಲಿ ಬರೆದು ಚೌಕದ ಹೊರಗೆ ತೂಗುಬಿಟ್ಟುವು. ಹತ್ತು ಗುಣಗಳುಳ್ಳ ವಸ್ತುವಿಗೆ ಹತ್ತು ಅಂಡಾಕೃತಿಗಳು! ಕಪ್ಪುಹಲಗೆಯ ಮೇಲೆ ಪಾಠ ಹೇಳುವಾಗ ಇದು ಸೊಗಸಾಗಿ ಕಾಣುತ್ತದೆ. ನಿಜವಾದ ಕಾರ್ಯಾಲಯವೊಂದರ ದತ್ತಗಳನ್ನು ಚಿತ್ರಿಸಹೊರಟರೆ ಸಂಬಂಧದ ಗೆರೆಗಳು ಗುಣದ ಗೆರೆಗಳ ನಡುವೆ ಕಳೆದುಹೋಗುತ್ತವೆ.

ಗುಣಗಳನ್ನು ಒಳಗೆ ಸೇರಿಸುವ ಪಕ್ಷಕ್ಕೆ ಜಯವನ್ನು ತಂದವರಲ್ಲಿ ಜೇಮ್ಸ್ ರಂಬಾ ಪ್ರಮುಖರು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸಂಗಡಿಗರೊಡನೆ ಅವರು 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವರ್ಗದ ಚೌಕವು ಮೂರು ಅಂಕಣಗಳಾಗಿ ವಿಭಾಗಗೊಂಡಿದೆ: ಮೇಲೆ ಹೆಸರು, ನಡುವೆ ಗುಣಗಳು, ಕೆಳಗೆ ಕ್ರಿಯೆಗಳು. ಅದೇ ಕಾಲದಲ್ಲಿ ಗ್ರೇಡಿ ಬೂಚ್ ಅವರು ವರ್ಗವನ್ನು ಮೋಡದ ಆಕಾರದಲ್ಲಿ ಬರೆಯುತ್ತಿದ್ದರು. 1994ರಲ್ಲಿ ರಂಬಾ ಅವರು ಬೂಚ್ ಅವರಿದ್ದ ಸಂಸ್ಥೆಯನ್ನು ಸೇರಿದರು. ಮರುವರ್ಷ ಐವಾರ್ ಯಾಕೋಬ್‌ಸನ್ ಜೊತೆಗೂಡಿದರು. ಮೂವರ ಸಂಕೇತಗಳ ಸಮನ್ವಯದಿಂದ ಹುಟ್ಟಿದ ಯುಎಂಎಲ್ ಭಾಷೆಯು 1997ರಲ್ಲಿ ಅಂಗೀಕೃತವಾಯಿತು. ಅದರಲ್ಲಿ ಮೋಡಗಳು ಕರಗಿ ಚೌಕಗಳು ಉಳಿದುವು. ಸಾಲುಸಾಲಾಗಿ ಪಟ್ಟಿ ಬರೆಯಲು ಮೋಡದೊಳಗೆ ಎಡೆ ಸಾಲದೆಂಬ ಸಾಮಾನ್ಯ ಕಾರಣವೂ ಇದರ ಹಿಂದೆ ಇದ್ದಿರಬೇಕೆಂದು ನಮಗೆ ತೋರುತ್ತದೆ. ಗುಣಗಳ ಅಂಕಣವನ್ನು ಮುಚ್ಚಿಡಲು ಯುಎಂಎಲ್ ಅವಕಾಶ ಕೊಡುತ್ತದೆ; ಮುಚ್ಚಿರುವ ಅಂಕಣವನ್ನು ಕಂಡು ವಸ್ತುವಿಗೆ ಗುಣಗಳಿಲ್ಲವೆಂದು ಊಹಿಸಕೂಡದೆಂಬುದು ಅದರ ನಿಯಮ. ಅಂದರೆ ಚಿತ್ರವು ವಸ್ತುವಿನ ಪೂರ್ಣಕಥನವಲ್ಲ, ಒಂದು ನೋಟ ಮಾತ್ರ.

‘ನೋಟ’ ಎಂಬ ಈ ಮಾತಿಗೆ ಶಾಸ್ತ್ರೀಯ ಅರ್ಥವನ್ನು ಕೊಟ್ಟವರು ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್. ಹಡಗುಕಟ್ಟುವ ಉದ್ಯಮದ ಗಣಕ ವ್ಯವಸ್ಥೆಗಳಲ್ಲಿ ಅನುಭವ ಪಡೆದಿದ್ದ ಅವರು, ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದಲ್ಲಿದ್ದಾಗ 1979ರಲ್ಲಿ ಬರೆದ ಟಿಪ್ಪಣಿಗಳಲ್ಲಿ ಮಾದರಿ, ನೋಟ, ನಿಯಂತ್ರಕ ಎಂಬ ವಿಭಾಗವನ್ನು ಪ್ರತಿಪಾದಿಸಿದರು. ಮೌಲ್ಯವಿರುವುದು ಮಾದರಿಯಲ್ಲಿ, ನೋಟಗಳು ಎಷ್ಟಾದರೂ ಇರಬಹುದು. ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ. ಬಳಕೆದಾರನು ಚೌಕದಲ್ಲಿ ಅಕ್ಷರಗಳನ್ನು ತಿದ್ದುವಂತೆ ಕಂಡರೂ, ವಸ್ತುತಃ ಅವನು ಮಾದರಿಗೆ ಒಂದು ಬಿನ್ನಹವನ್ನು ಕಳುಹಿಸುತ್ತಿದ್ದಾನೆ. ಮಾದರಿಯು ಅದನ್ನು ಒಪ್ಪಿ ಬದಲಾದರೆ ಮಾತ್ರ ಚೌಕವೂ, ಅದೇ ಗುಣವನ್ನು ತೋರಿಸುವ ಪಕ್ಕದ ಗುಣಪಟ್ಟಿಯೂ, ಬೇರೊಂದು ಚಿತ್ರದಲ್ಲಿರುವ ಅದೇ ವಸ್ತುವಿನ ಚೌಕವೂ ಹೊಸ ಮೌಲ್ಯವನ್ನು ತೋರುತ್ತವೆ.

ಈ ತತ್ತ್ವವು ಕಾರ್ಯಕ್ಕಿಳಿದಾಗ ಬಂದ ತೊಡಕುಗಳು ಸಣ್ಣವಲ್ಲ. ಅವನ್ನು 2006ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ ಎಕ್ಲಿಪ್ಸ್ ಬಳಗದ ಜಿಎಂಎಫ್ ಎಂಬ ಸಂಪಾದಕ-ನಿರ್ಮಾಣ ಸಾಧನದಲ್ಲಿ ಚೆನ್ನಾಗಿ ಕಾಣಬಹುದು. ವಸ್ತುವಿನ ಅರ್ಥವನ್ನು ಹೇಳುವ ಮಾದರಿಯೊಂದು, ಚೌಕದ ಸ್ಥಾನ-ಗಾತ್ರಗಳನ್ನು ದಾಖಲಿಸುವ ಮಾದರಿಯೊಂದು, ಹೀಗೆ ಅಲ್ಲಿ ಎರಡು ಮಾದರಿಗಳಿವೆ. ಚೌಕವನ್ನು ಎಡಕ್ಕೆ ಸರಿಸಿದರೆ ಎರಡನೆಯದು ಮಾತ್ರ ಬದಲಾಗಬೇಕು. ಹೆಸರನ್ನು ತಿದ್ದಿದರೆ ಮೊದಲನೆಯದು ಬದಲಾಗಬೇಕು. ಅಲ್ಲದೆ ತೆರೆಯ ಮೇಲಿರುವುದು ಬರಿಯ ಅಕ್ಷರಮಾಲೆ. ಒಳಗಿರುವುದು ಸಂಖ್ಯೆಯೋ, ದಿನಾಂಕವೋ, ಮತ್ತೊಂದು ವಸ್ತುವೋ ಆಗಿರಬಹುದು. ಹೆಸರು, ವಿಧ, ಮೌಲ್ಯ ಮೂರನ್ನೂ ಒಂದೇ ಸಾಲಿನಲ್ಲಿ ತೋರಿಸುವುದು ಸುಲಭ. ಬಳಕೆದಾರನು ಆ ಸಾಲನ್ನು ತನಗೆ ತೋಚಿದಂತೆ ತಿದ್ದಿದ ಮೇಲೆ ಮೂರನ್ನೂ ಬೇರ್ಪಡಿಸುವುದು ಕಷ್ಟ. ವಯಸ್ಸಿನ ಸ್ಥಳದಲ್ಲಿ ‘ಹನ್ನೆರಡು’ ಎಂದು ಅಕ್ಷರಗಳಲ್ಲಿ ಬರೆದರೆ ಅದನ್ನು ತಿರಸ್ಕರಿಸಿ ಹಳೆಯ ಮೌಲ್ಯವನ್ನು ಮರಳಿಸುವ ಹೊಣೆ ಸಂಪಾದಕದ್ದು. ಇನ್ನೂ ಮೌಲ್ಯವನ್ನೇ ಪಡೆಯದ ಗುಣದ ಪಾಡು ವಿಚಿತ್ರವಾದುದು: ತೋರಿಸಲು ಅಕ್ಷರವಿಲ್ಲ, ಅಕ್ಷರವಿಲ್ಲದ ಕಡೆ ಬೊಟ್ಟಿಟ್ಟು ತಿದ್ದತೊಡಗಲು ಜಾಗವಿಲ್ಲ. ಇಂತಹ ಕಡೆ ಕವಲುಬ್ರಾಕೆಟ್ಟಿನೊಳಗೆ ‘ಹೆಸರಿಲ್ಲ’ ಎಂಬಂತಹ ಮಾತನ್ನು ಇಡುವ ರೂಢಿಯುಂಟು. ಆದರೆ ಆ ಮಾತೇ ನಿಜವಾದ ಮೌಲ್ಯವೆಂದು ಮಾದರಿಗೆ ಸೇರದಂತೆಯೂ ಎಚ್ಚರ ವಹಿಸಬೇಕಾಗುತ್ತದೆ.

ಎಷ್ಟು ಗುಣಗಳನ್ನು ಚೌಕದಲ್ಲಿ ತೋರಿಸಬೇಕು, ಎಷ್ಟನ್ನು ಪಕ್ಕದ ಪಟ್ಟಿಗೆ ಬಿಡಬೇಕು ಎಂಬ ವಿಚಾರದಲ್ಲಿ ನಿರ್ಮಾಪಕರು ಏಕಾಭಿಪ್ರಾಯಕ್ಕೆ ಬಂದಿಲ್ಲ. ವಸ್ತುವನ್ನು ಅದರ ನೆರೆಯ ವಸ್ತುಗಳಿಂದ ಬೇರೆಯಾಗಿ ಗುರುತಿಸಲು ಬೇಕಾದ ಗುಣಗಳು ಒಳಗಿದ್ದು, ಉಳಿದವು ಪಟ್ಟಿಯಲ್ಲಿರುವುದು ನಮಗೆ ಯುಕ್ತವಾಗಿ ಕಾಣುತ್ತದೆ. ವಂಶಾವಳಿಗಳನ್ನು ರಚಿಸಿದವರು ಅರಸನ ಬಿರುದುಗಳನ್ನೂ ದಾನಗಳನ್ನೂ ಬಿಟ್ಟು ಆಳಿಕೆಯ ವರ್ಷಗಳನ್ನು ಮಾತ್ರ ಹೆಸರಿನ ಕೆಳಗೆ ಇಟ್ಟುದು ಇದೇ ದೃಷ್ಟಿಯಿಂದ.