ಶುಶ್ರೂಷಕಿಯ ಅವಲೋಕನವೂ ಯಂತ್ರದ ತೀರ್ಮಾನವೂ

ಆಸ್ಪತ್ರೆಗಳಲ್ಲಿ ಕೃತಕ ಬುದ್ಧಿಯ ಬಳಕೆಯು ಈಚಿನ ವರ್ಷಗಳಲ್ಲಿ ವಿಶೇಷವಾಗಿ ಚರ್ಚೆಗೆ ಬಂದಿದೆ. ಇದರಿಂದ ವೈದ್ಯನ ಸ್ಥಾನವೇನಾದೀತೆಂಬುದನ್ನು ಕುರಿತು ಬರೆದವರು ಬಹುಮಂದಿ. ಹಗಲಿರುಳು ರೋಗಿಯ ಬಳಿಯಲ್ಲಿರುವ ಶುಶ್ರೂಷಕಿಯ ವಿಷಯವನ್ನೆತ್ತಿದವರು ಕಡಮೆ. ಆದರೆ ವಾರ್ಡಿಗೆ ಹೊಸ ಉಪಕರಣವೊಂದು ಬಂದಾಗ ಅದರೊಡನೆ ದಿನವೂ ಬಾಳಬೇಕಾಗಿ ಬಂದವಳು ಅವಳೇ. ಈ ವೃತ್ತಿಯಲ್ಲಿ ಪುರುಷರೂ ಇದ್ದಾರೆ. ಇದರ ಚರಿತ್ರೆಯ ಬಹುಭಾಗ ಸ್ತ್ರೀಯರದಾದುದರಿಂದ ನಾವು ಸ್ತ್ರೀಲಿಂಗವನ್ನೇ ಬಳಸಿದ್ದೇವೆ. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳ ಕೆಲವು ನಿದರ್ಶನಗಳನ್ನು ಮುಂದಿಟ್ಟುಕೊಂಡು ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಲಿರುವುದು ಒಂದೇ ಪ್ರಶ್ನೆಯನ್ನು: ರೋಗಿಯನ್ನು ನೋಡುವ ಕೆಲಸ ಯಾರದು, ನೋಡಿದುದರ ಅರ್ಥವನ್ನು ಹೇಳುವ ಅಧಿಕಾರ ಯಾರದು?

ನಮ್ಮ ಭಾಷೆಯ ಪದವೇ ಈ ಪ್ರಶ್ನೆಯನ್ನು ಒಡಲಲ್ಲಿಟ್ಟುಕೊಂಡಿದೆ. 'ಶುಶ್ರೂಷಾ' ಎಂಬುದಕ್ಕೆ ಸಂಸ್ಕೃತದಲ್ಲಿ ಮೂಲಾರ್ಥ 'ಕೇಳುವ ಇಚ್ಛೆ'. ಕೇಳುವವನು ಹೇಳಿದಂತೆ ನಡೆಯುವವನೂ ಆದುದರಿಂದ ಅದಕ್ಕೆ ವಿಧೇಯತೆ, ಸೇವೆ ಎಂಬ ಅರ್ಥಗಳು ಬಂದುವು. ಕಿವಿಗೊಡುವುದು ಬೇರೆ, ಆಜ್ಞೆಯನ್ನು ಪಾಲಿಸುವುದು ಬೇರೆ. ಈ ಎರಡರ ನಡುವಣ ಎಳೆದಾಟವೇ ಆಧುನಿಕ ಶುಶ್ರೂಷೆಯ ಚರಿತ್ರೆಯೆಂದರೂ ತಪ್ಪಾಗಲಾರದು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ಶಿಕ್ಷಣಶಾಲೆ ಆರಂಭವಾಯಿತು. ಅದಕ್ಕೆ ತುಸು ಮುಂಚೆ ಅವಳು ಬರೆದ 'ನೋಟ್ಸ್ ಆನ್ ನರ್ಸಿಂಗ್' ಎಂಬ ಗ್ರಂಥದಲ್ಲಿ ರೋಗಿಯ ಅವಲೋಕನಕ್ಕೆಂದೇ ಒಂದು ಅಧ್ಯಾಯವಿದೆ. ಬೇಕಾದುದು ಅಭಿಪ್ರಾಯವಲ್ಲ, ಸಂಗತಿ ಎಂದು ಅವಳು ಅಲ್ಲಿ ಖಂಡಿತವಾಗಿ ಹೇಳುತ್ತಾಳೆ. ಈ ಮಾತನ್ನು ಹಿಡಿದು ಶುಶ್ರೂಷಕಿಗೆ ಅಭಿಪ್ರಾಯವೇ ಇರಕೂಡದೆಂದು ಅವಳು ಬಗೆದಳೆಂದು ಹೇಳುವುದುಂಟು. ಇದನ್ನು ನಾವು ಒಪ್ಪಲಾರೆವು. ಏಕೆಂದರೆ ರೋಗಿಯ ಸ್ಥಿತಿ ಸುಧಾರಿಸಿತೋ ಕೆಟ್ಟಿತೋ ಎಂಬ ವಿಷಯದಲ್ಲಿ ಬೆಲೆಯುಳ್ಳ ಅಭಿಪ್ರಾಯ ಸಾಧ್ಯವಿರುವುದು ಸದಾ ನೋಡುತ್ತಿರುವ ವೈದ್ಯನಿಗೆ, ಇಲ್ಲವೆ ನಿಜವಾಗಿ ಗಮನಿಸುವ ಶುಶ್ರೂಷಕಿಗೆ ಎಂದು ಅದೇ ಪ್ರಸಂಗದಲ್ಲಿ ಅವಳು ಸೇರಿಸಿದ್ದಾಳೆ. ಅವಳಿಗೆ ಬೇಡವಾದುದು ನೋಡದೆ ಆಡುವ ಅಭಿಪ್ರಾಯ.

ಇಷ್ಟರಲ್ಲಿ ಅವಲೋಕನವು ಅಂಕಿಯ ರೂಪವನ್ನು ತಾಳತೊಡಗಿತ್ತು. ಲೈಪ್‌ಜಿಗ್ಗಿನ ಕಾರ್ಲ್ ವುಂಡರ್‌ಲಿಖ್ 1868ರಲ್ಲಿ ರೋಗಗಳಲ್ಲಿ ದೇಹೋಷ್ಣದ ಏರಿಳಿತವನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ಅದಕ್ಕೆ ಸ್ವಲ್ಪ ಹಿಂದೆಯೇ ಇಂಗ್ಲೆಂಡಿನ ಥಾಮಸ್ ಕ್ಲಿಫರ್ಡ್ ಆಲ್ಬಟ್ ಆರು ಅಂಗುಲದ, ಸುಮಾರು ಐದು ನಿಮಿಷಗಳಲ್ಲಿ ಉಷ್ಣವನ್ನು ತೋರಿಸುವ ಜ್ವರಮಾಪಕವನ್ನು ರೂಪಿಸಿದ್ದನು. ಮೊದಮೊದಲು ವೈದ್ಯನ ಪ್ರತಿಷ್ಠೆಯ ವಸ್ತುವಾಗಿದ್ದ ಈ ಉಪಕರಣವು ದಿನಕ್ಕೆ ಹಲವು ಬಾರಿ ಬಳಸಬೇಕಾದಾಗ ಶುಶ್ರೂಷಕಿಯ ಕೈಗೆ ಬಂತು. ಮುಂದೆ ರಕ್ತದೊತ್ತಡದ ಮಾಪಕಕ್ಕೂ ಇದೇ ಗತಿಯಾಯಿತು. ಅಮೆರಿಕದ ಶುಶ್ರೂಷಾ ಚರಿತ್ರೆಯನ್ನು ಉಪಕರಣಗಳ ದೃಷ್ಟಿಯಿಂದ ಪರಿಶೀಲಿಸಿದ ಮಾರ್ಗರೆಟ್ ಸ್ಯಾಂಡೆಲೋವ್ಸ್ಕಿಯವರ 'ಡಿವೈಸಸ್ ಅಂಡ್ ಡಿಸೈರ್ಸ್' ಎಂಬ ಗ್ರಂಥ 2000ದಲ್ಲಿ ಹೊರಬಂದಿದೆ. ಈ ವಿಷಯದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಅದನ್ನು ಅವಶ್ಯವಾಗಿ ನೋಡಬೇಕು. ಉಪಕರಣ ಕೈ ಬದಲಾಯಿಸಿದಾಗ ಅದರ ಘನತೆಯೂ ತಗ್ಗುತ್ತಿತ್ತೆಂಬುದು ನಮ್ಮ ಗ್ರಹಿಕೆ. ಅಳೆಯುವುದು ಶುಶ್ರೂಷಕಿಯ ಪಾಲಿಗೆ ಬಂತು. ಅಳತೆಯ ಅರ್ಥ ವೈದ್ಯನಲ್ಲಿಯೇ ಉಳಿಯಿತು.

ಈ ಏರ್ಪಾಡು ಒಂದೆಡೆ ಮುರಿದುಬಿತ್ತು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಹೃದಯಾಘಾತವಾದ ರೋಗಿಗಳಲ್ಲಿ ಅನೇಕರು ಸಾಯುತ್ತಿದ್ದುದು ಹೃದಯದ ಲಯ ತಟ್ಟನೆ ಕೆಟ್ಟು ಅದು ಬರಿದೆ ಅದುರತೊಡಗುತ್ತಿದ್ದುದರಿಂದ. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕೌವೆನ್‌ಹೊವೆನ್ ಮತ್ತು ಸಂಗಡಿಗರು ಎದೆಯನ್ನು ಸೀಳದೆ ಹೊರಗಿನಿಂದಲೇ ಹೃದಯವನ್ನು ಒತ್ತುವ ವಿಧಾನವನ್ನು ಪ್ರಕಟಿಸಿದರು. ಎದೆಯ ಮೇಲೆ ವಿದ್ಯುದಾಘಾತವನ್ನು ಕೊಟ್ಟು ಲಯವನ್ನು ಸರಿಪಡಿಸುವ ಯಂತ್ರವೂ ಅಷ್ಟರಲ್ಲಿ ಸಿದ್ಧವಾಗಿತ್ತು. ಆದರೆ ಇದಕ್ಕೆ ದೊರೆಯುವ ಕಾಲ ಕೆಲವೇ ನಿಮಿಷಗಳು. 1961ರಲ್ಲಿ ಎಡಿನ್‌ಬರೋದ ಡೆಸ್ಮಂಡ್ ಜೂಲಿಯನ್ ಇಂಥ ರೋಗಿಗಳನ್ನು ಒಂದೆಡೆ ಇರಿಸಿ, ಹೃದಯದ ವಿದ್ಯುಲ್ಲೇಖವನ್ನು ಎಡೆಬಿಡದೆ ತೋರಿಸುವ ಯಂತ್ರವನ್ನು ಅವರಿಗೆ ಜೋಡಿಸಬೇಕೆಂದು ಸೂಚಿಸಿದನು. 1962ರಲ್ಲಿ ಕಾನ್ಸಾಸ್ ನಗರದ ಬೆಥನಿ ಆಸ್ಪತ್ರೆಯಲ್ಲಿ ಹ್ಯೂಸ್ ಡೇ ಅಂಥ ಘಟಕವನ್ನು ತೆರೆದನು. ಯಂತ್ರವೇನೋ ಗಂಟೆ ಬಾರಿಸುತ್ತಿತ್ತು. ವೈದ್ಯನು ಬೇರೆ ಅಂತಸ್ತಿನಿಂದ ಬರುವ ವೇಳೆಗೆ ಕಾರ್ಯ ಮಿಂಚಿರುತ್ತಿತ್ತು. ಹತ್ತಿರದಲ್ಲಿದ್ದವಳು ಶುಶ್ರೂಷಕಿ.

ಈ ಸತ್ಯವನ್ನು ನೇರವಾಗಿ ಎದುರಿಸಿದವರಲ್ಲಿ ಫಿಲಡೆಲ್ಫಿಯದ ಪ್ರೆಸ್‌ಬಿಟೀರಿಯನ್ ಆಸ್ಪತ್ರೆಯ ವೈದ್ಯ ಲಾರೆನ್ಸ್ ಮೆಲ್ಟ್‌ಜರ್ ಮತ್ತು ಶುಶ್ರೂಷಕಿ ರೋಸ್ ಪಿನಿಯೊ ಮುಖ್ಯರು. ವಿದ್ಯುಲ್ಲೇಖವನ್ನು ಓದಿ, ಲಯ ಕೆಟ್ಟುದನ್ನು ಗುರುತಿಸಿ, ಅಗತ್ಯಬಿದ್ದರೆ ತಾನೇ ವಿದ್ಯುದಾಘಾತವನ್ನು ಕೊಡುವಂತೆ ಶುಶ್ರೂಷಕಿಯನ್ನು ಅಣಿಗೊಳಿಸಬೇಕೆಂಬುದು ಅವರ ನಿಲುವು. 1965ರಲ್ಲಿ ಪ್ರಕಟವಾದ ಅವರ ಕೈಪಿಡಿಯು ಶುಶ್ರೂಷಕಿಯರಿಗಾಗಿಯೇ ಬರೆದದ್ದು. ನ್ಯೂಯಾರ್ಕಿನ ಕಿಲಿಪ್ ಮತ್ತು ಕಿಂಬಾಲ್ 1967ರಲ್ಲಿ ಇಂಥ ಘಟಕವೊಂದರ 250 ರೋಗಿಗಳ ಅನುಭವವನ್ನು ವರದಿಮಾಡಿದರು. ರಕ್ತಪರಿಚಲನೆ ಪೂರ್ಣ ಕುಸಿಯದಿದ್ದ ರೋಗಿಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 26ರಿಂದ 7ಕ್ಕೆ ಇಳಿದಿತ್ತು. ಇಳಿಕೆಯೆಲ್ಲವೂ ಶುಶ್ರೂಷಕಿಯರ ಅಧಿಕಾರದ ಫಲವೆಂದು ಹೇಳುವುದು ಅತಿಯಾದೀತು. ಆದರೆ ಅದೇ ಯಂತ್ರವಿದ್ದು ಅವಳ ಕೈ ಕಟ್ಟಿದ್ದರೆ ಫಲ ದೊರೆಯುತ್ತಿರಲಿಲ್ಲವೆಂದು ಹೇಳಲು ಅಡ್ಡಿಯಿಲ್ಲ.

ಸಾಮಾನ್ಯ ವಾರ್ಡುಗಳಿಗೆ ಈ ಪಾಠ ಬೇಗನೆ ತಲಪಲಿಲ್ಲ. 1990ರಲ್ಲಿ ಷೈನ್ ಮತ್ತು ಸಂಗಡಿಗರು, ಆಸ್ಪತ್ರೆಯಲ್ಲಿದ್ದಾಗಲೇ ಹೃದಯಸ್ತಂಭನವಾದ 64 ರೋಗಿಗಳ ದಾಖಲೆಗಳನ್ನು ತೆಗೆದು ನೋಡಿದರು. ಅವರಲ್ಲಿ ನೂರಕ್ಕೆ 84 ಮಂದಿಯ ವಿಷಯದಲ್ಲಿ ಹಿಂದಿನ ಎಂಟು ಗಂಟೆಗಳೊಳಗೆ ಸ್ಥಿತಿ ಹದಗೆಡುತ್ತಿದ್ದುದಕ್ಕೆ ಸಾಕ್ಷ್ಯ ಬರೆಹದಲ್ಲಿಯೇ ಇತ್ತು. ಬರೆದದ್ದು ಉಂಟು, ಅದರ ಮೇಲೆ ಕ್ರಮ ಜರುಗಿದ್ದು ಸಾಲದು. ಅದೇ ವರ್ಷ ಆಸ್ಟ್ರೇಲಿಯದ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಕೆನ್ ಹಿಲ್ಮನ್ ಮೊದಲಾದವರು ತುರ್ತು ವೈದ್ಯತಂಡವೊಂದನ್ನು ಕಟ್ಟಿದರು. ಅದನ್ನು ಕರೆಯಲು ನಿಗದಿಯಾದ ಕಾರಣಗಳಲ್ಲಿ ನಾಡಿ, ಉಸಿರು, ಒತ್ತಡಗಳ ಮಿತಿಗಳ ಜೊತೆಗೆ ಇನ್ನೊಂದು ಸೇರಿತು: ರೋಗಿಯ ವಿಷಯದಲ್ಲಿ ಸಿಬ್ಬಂದಿಗೆ ಕಳವಳವಾಗಿದೆ ಎಂಬುದು. ಕಾರಣವನ್ನು ಹೇಳಲಾಗದ ಕಳವಳವೂ ಒಂದು ಕಾರಣವೆಂದು ನಿಯಮದಲ್ಲಿ ಬರೆದದ್ದು ಸಣ್ಣ ಸಂಗತಿಯಲ್ಲ. 1997ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಗನ್ ಮತ್ತು ಸಂಗಡಿಗರು ಮುನ್ನೆಚ್ಚರಿಕೆಯ ಅಂಕಪದ್ಧತಿಯನ್ನು ಸೂಚಿಸಿದರು. 2012ರಲ್ಲಿ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅದರ ರಾಷ್ಟ್ರೀಯ ರೂಪವನ್ನು ಹೊರಡಿಸಿತು. ಕಾಗದದ ಮೇಲೆ ಕೂಡಿ ಕಳೆಯುವ ಈ ಲೆಕ್ಕವೇ ಇಂದಿನ ಗಣಕಯಂತ್ರದ ಎಚ್ಚರಿಕೆಗಳಿಗೆ ಹಿರಿಯಣ್ಣ.

ಈಗ ಕೃತಕ ಬುದ್ಧಿಗೆ ಬರೋಣ. ಸೆಪ್ಸಿಸ್ ಎಂಬ ರಕ್ತನಂಜಿನ ಅಪಾಯವನ್ನು ಮೊದಲೇ ಸೂಚಿಸಲು ಎಪಿಕ್ ಎಂಬ ದಾಖಲೆ ತಂತ್ರಾಂಶದಲ್ಲಿದ್ದ ಗಣಿತಮಾದರಿಯೊಂದು ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು 38,455 ದಾಖಲಾತಿಗಳನ್ನು ಪರಿಶೀಲಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ನೂರಕ್ಕೆ 67 ಮಂದಿಯನ್ನು ಅದು ಗುರುತಿಸಿರಲಿಲ್ಲ; ಆದರೂ ಒಟ್ಟು ದಾಖಲಾತಿಗಳಲ್ಲಿ ನೂರಕ್ಕೆ 18ರಲ್ಲಿ ಎಚ್ಚರಿಕೆಯನ್ನು ಕೊಟ್ಟಿತ್ತು. ನಿಷ್ಫಲವಾದ ಎಚ್ಚರಿಕೆಯೊಂದಕ್ಕೂ ಯಾರಾದರೂ ಎದ್ದು ಹೋಗಿ ರೋಗಿಯನ್ನು ನೋಡಲೇಬೇಕಷ್ಟೆ. ಆ ನಡಿಗೆಯ ಲೆಕ್ಕ ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ.

ಡ್ಯೂಕ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ 2018ರಲ್ಲಿ ಆರಂಭವಾದ 'ಸೆಪ್ಸಿಸ್ ವಾಚ್' ಬೇರೆ ರೀತಿಯದು. ಅಲ್ಲಿ ಯಂತ್ರದ ಎಚ್ಚರಿಕೆಯನ್ನು ತುರ್ತುತಂಡದ ಶುಶ್ರೂಷಕಿಯರು ನೋಡಿ, ರೋಗಿಯ ದಾಖಲೆಯೊಡನೆ ತಾಳೆಹಾಕಿ, ವೈದ್ಯರಿಗೆ ದೂರವಾಣಿಯಲ್ಲಿ ತಿಳಿಸುತ್ತಿದ್ದರು. ಇದನ್ನು ಅಧ್ಯಯನಮಾಡಿ ಮ್ಯಾಡಲೀನ್ ಇಲಿಷ್ ಮತ್ತು ಎಲಿಜಬೆತ್ ವಾಟ್ಕಿನ್ಸ್ 2020ರಲ್ಲಿ ಬರೆದ ವರದಿ ಬಹು ಸ್ವಾರಸ್ಯವಾಗಿದೆ. ಯಾವ ಗಳಿಗೆಯಲ್ಲಿ ಕರೆಯಬೇಕು, ವೈದ್ಯನ ಮನಸ್ಸು ನೋಯದಂತೆ ಹೇಗೆ ಹೇಳಬೇಕು ಎಂಬ ನಾಜೂಕಿನ ದುಡಿಮೆಯಿಂದಲೇ ಯಂತ್ರವು ವಾರ್ಡಿನಲ್ಲಿ ನೆಲೆಯೂರಿತೆಂದು ಅವರು ತೋರಿಸಿದ್ದಾರೆ. ಯಂತ್ರದ ಯಶಸ್ಸಿನ ವರದಿಗಳಲ್ಲಿ ಈ ದುಡಿಮೆಗೆ ಹೆಸರಿಲ್ಲ.

2024ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುಶ್ರೂಷಕಿಯರು ಕೃತಕ ಬುದ್ಧಿಯ ಅವಿಚಾರಿತ ಬಳಕೆಯ ವಿರುದ್ಧ ಬಹಿರಂಗವಾಗಿ ಪ್ರತಿಭಟಿಸಿದರು. ಇದನ್ನು ಯಂತ್ರದ್ವೇಷವೆಂದು ತಳ್ಳಿಹಾಕುವವರು ಮೇಲಿನ ಚರಿತ್ರೆಯನ್ನು ನೆನೆಯುವುದು ಲೇಸು. ಜ್ವರಮಾಪಕವನ್ನೂ ಹೃದಯದ ಯಂತ್ರವನ್ನೂ ಬಳಕೆಗೆ ತಂದವರು ಅವರೇ. ಹಿಂದೆ ಅರ್ಥಹೇಳುವ ಅಧಿಕಾರ ವೈದ್ಯನಲ್ಲಿ ಉಳಿದಿತ್ತು. ಆ ವೈದ್ಯನೊಡನೆ ವಾದಿಸಬಹುದಾಗಿತ್ತು. ಈಗ ಅದು ಯಂತ್ರದೊಳಗೆ ಹೋಗಿ ಕುಳಿತರೆ ವಾದಿಸುವುದು ಯಾರೊಡನೆ?

ಇದಕ್ಕೆ ವ್ಯತಿರಿಕ್ತವಾದ ಪ್ರಯೋಗವೊಂದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ನಡೆದಿದೆ. ಸ್ವತಃ ಶುಶ್ರೂಷಕಿಯಾದ ಸಾರಾ ರೊಸೆಟಿ ಮತ್ತು ಸಂಗಡಿಗರು ದಾಖಲೆಗಳಲ್ಲಿ ಒಂದು ವಿಷಯವನ್ನು ಗಮನಿಸಿದ್ದರು: ಕಳವಳಗೊಂಡ ಶುಶ್ರೂಷಕಿ ನಿಯಮಕ್ಕಿಂತ ಹೆಚ್ಚು ಬಾರಿ ರೋಗಿಯನ್ನು ಪರೀಕ್ಷಿಸುತ್ತಾಳೆ, ಕೇಳದಿದ್ದರೂ ಟಿಪ್ಪಣಿ ಬರೆಯುತ್ತಾಳೆ. 'ಕನ್ಸರ್ನ್' ಎಂಬ ಅವರ ವ್ಯವಸ್ಥೆಯು ಮುಖ್ಯವಾಗಿ ಓದುವುದು ಈ ನಡವಳಿಕೆಯನ್ನು. 74 ವಾರ್ಡುಗಳಲ್ಲಿ, 60,893 ದಾಖಲಾತಿಗಳಲ್ಲಿ ನಡೆಸಿದ ಪರೀಕ್ಷೆಯ ಫಲ 2025ರಲ್ಲಿ ಪ್ರಕಟವಾಯಿತು. ಸಾವಿನ ಅಪಾಯ ನೂರಕ್ಕೆ 35.6ರಷ್ಟು ತಗ್ಗಿತ್ತು, ಆಸ್ಪತ್ರೆಯ ವಾಸ ಸರಾಸರಿ ಅರ್ಧ ದಿನಕ್ಕಿಂತ ಹೆಚ್ಚು ಕಡಮೆಯಾಗಿತ್ತು. ಅನಿರೀಕ್ಷಿತವಾಗಿ ತೀವ್ರನಿಗಾ ಘಟಕಕ್ಕೆ ಸಾಗಿಸಿದ ಪ್ರಸಂಗಗಳು ಮಾತ್ರ ಹೆಚ್ಚಿದ್ದುವು. ಮೇಲುನೋಟಕ್ಕೆ ಪ್ರತಿಕೂಲವಾಗಿ ಕಾಣುವ ಈ ಅಂಕಿ, ಕಳವಳಕ್ಕೆ ಬೇಗನೆ ಕಿವಿಗೊಟ್ಟುದರ ಗುರುತೆಂದು ನಮಗೆ ತೋರುತ್ತದೆ.

ಆದರೆ ಈ ಯಂತ್ರಕ್ಕೆ ಬೇಕಾದ ಸಾಮಗ್ರಿ ಶುಶ್ರೂಷಕಿ ಸ್ವಂತ ವಿವೇಚನೆಯಿಂದ ಮಾಡಿದ ಅಧಿಕ ಕೆಲಸ. ವಾರ್ಡಿನಲ್ಲಿ ಅವಳ ಸಂಖ್ಯೆಯನ್ನು ಇಳಿಸಿ, ನಾಡಿ ಉಸಿರುಗಳ ಎಣಿಕೆಯನ್ನು ಹಾಸಿಗೆಗೆ ಜೋಡಿಸಿದ ಸಲಕರಣೆಗೇ ವಹಿಸಿಬಿಟ್ಟರೆ, ಅಂಕಿಗಳು ನಿಯತಕಾಲದಲ್ಲಿ ಬಂದು ತುಂಬುತ್ತವೆ. ನಡುರಾತ್ರಿಯಲ್ಲಿ, ಯಾರೂ ಹೇಳದೆ, ಎರಡನೆಯ ಬಾರಿ ಬಂದು ನೋಡಿದವಳ ಟಿಪ್ಪಣಿ ಅವುಗಳಲ್ಲಿ ಇರುವುದಿಲ್ಲ.